ಬೆಟ್ಟದ ಮರದ ತೊಗಟೆ ಮತ್ತು ಆಸ್ಪತ್ರೆಯ ಡ್ರಿಪ್

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಅತ್ತೆಗೆ ದೊಡ್ಡ ಕರುಳಿನ ಕ್ಯಾನ್ಸರ್. ಎರಡು ವಾರಕ್ಕೊಮ್ಮೆ ಇರಿನೋಟೆಕಾನ್ ಇರುವ ಕೀಮೋ ನಡೆಯುತ್ತಿದೆ. ಆ ಔಷಧಿ ಒಂದು ಮರದಿಂದ ಬಂದದ್ದು, ಆ ಮರ ನಮ್ಮ ಬೆಟ್ಟದಲ್ಲೇ ಇದೆ ಎಂದು ನೆಂಟರೊಬ್ಬರು ತೋರಿಸಿದರು. ಹೂ ಬಿಟ್ಟಾಗ ಕೆಟ್ಟ ವಾಸನೆ ಬರುವ ಮರ. ತೊಗಟೆಯ ಕಷಾಯ ಮಾಡಿ ಕೊಟ್ಟರೆ ಆಗುವುದಿಲ್ಲವೇ? ಪ್ರಕೃತಿಯಲ್ಲೇ ಇರುವ ಔಷಧಿಯನ್ನು ಕೆಮಿಕಲ್ ಹಾಕಿ ಬದಲಾಯಿಸುವುದು ಯಾಕೆ? ಮತ್ತೆ, ತೊಗಟೆ ಕೊಳ್ಳುತ್ತೇವೆ ಎಂದು ಒಬ್ಬರು ಬಂದಿದ್ದರು. ಕೊಡಬಹುದಾ?

ಉತ್ತರ: ಮೊದಲು ತುರ್ತಿನ ಮಾತು. ಕಷಾಯ ಕೊಡಬೇಡಿ. ಒಂದು ಚಮಚವೂ ಬೇಡ. ಈಗಾಗಲೇ ಕೊಟ್ಟಿದ್ದರೆ ಗಾಬರಿಯಾಗಬೇಡಿ, ಆದರೆ ಮುಚ್ಚಿಡಲೂ ಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಯಾಕೆ ಬೇಡ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಅದರೊಳಗೇ ಇದೆ.

ನಿಮ್ಮ ನೆಂಟರು ಸುಮ್ನೆ ಹೇಳಿದ್ದಲ್ಲ. ಆ ಮರಕ್ಕೆ ಕನ್ನಡದಲ್ಲಿ ದುರ್ವಾಸನೆ ಮರ ಎಂದೇ ಹೆಸರು. ಮರಾಠಿಯವರು ನರಕ್ಯಾ ಅನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ನೊತಾಪೊಡೈಟಿಸ್ ನಿಮ್ಮೋನಿಯಾನಾ. ಅದರ ಬೇರು, ತೊಗಟೆ, ಕಟ್ಟಿಗೆಯಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಇದೆ. ಇದು ಮೊದಲು ಸಿಕ್ಕಿದ್ದು ಚೀನಾ ಮೂಲದ ಬೇರೊಂದು ಮರದಲ್ಲಿ. 'ಸಂತೋಷದ ಮರ' ಎಂಬ ಹೆಸರಿನಿಂದ ಅದು ಪ್ರಸಿದ್ಧ. 1966ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಪ್ರಯೋಗಾಲಯದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದನ್ನು ಬೇರ್ಪಡಿಸಿ ಅದರ ರಚನೆಯನ್ನು ಬಿಡಿಸಿದರು. ವಾನಿ ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರ್‌ಬಾರ್‌ನವರು. ಟ್ಯಾಕ್ಸಾಲ್ ಎಂಬ ಇನ್ನೊಂದು ದೊಡ್ಡ ಕ್ಯಾನ್ಸರ್ ಔಷಧಿಯನ್ನು ಹುಡುಕಿದ್ದೂ ಇದೇ ಜೋಡಿ. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ನಮ್ಮ ದೇಶದ ವಿಜ್ಞಾನಿಗಳು ಅದೇ ವಸ್ತು ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ ಎಂದು ತೋರಿಸಿಕೊಟ್ಟರು.

ಅದು ಮಾಡುವ ಕೆಲಸ ನೋಡಿ. ಎರಡೆಳೆ ಹಗ್ಗದ ಎಳೆಗಳನ್ನು ಒಂದು ತುದಿಯಿಂದ ಬಿಡಿಸುತ್ತಾ ಹೋಗಿ. ಮುಂದಿನ ಭಾಗದಲ್ಲಿ ಹುರಿ ಜಾಸ್ತಿಯಾಗಿ ಹಗ್ಗ ಗಂಟು ಗಂಟಾಗುತ್ತದೆ, ಅಲ್ವಾ? ನಮ್ಮ ಜೀವಕೋಶದ ಡಿಎನ್‌ಎ ಕೂಡ ಎರಡೆಳೆ ಹಗ್ಗವೇ. ಕೋಶ ಎರಡಾಗಬೇಕಾದರೆ ಆ ಎಳೆಗಳು ಬಿಚ್ಚಿಕೊಳ್ಳಬೇಕು. ಸಿಕ್ಕು ಬೀಳದಂತೆ ನೋಡಿಕೊಳ್ಳಲು ಟೊಪೊಐಸೊಮರೇಸ್ ಎಂಬ ಎಂಜೈಮ್ ಇದೆ. ಅದು ಒಂದು ಎಳೆಯನ್ನು ಕತ್ತರಿಸುತ್ತದೆ, ಹುರಿ ಸಡಿಲವಾಗಲು ಬಿಡುತ್ತದೆ, ಮತ್ತೆ ಅಂಟಿಸುತ್ತದೆ. ಕ್ಯಾಂಪ್ಟೊಥೆಸಿನ್ ಚಪ್ಪಟೆಯಾದ ಅಣು. ಕತ್ತರಿಸಿದ ಜಾಗಕ್ಕೆ ಬೆಣೆಯಂತೆ ನುಗ್ಗಿ ಕೂತುಬಿಡುತ್ತದೆ. ಅಂಟಿಸುವ ಕೆಲಸ ನಿಂತುಹೋಗುತ್ತದೆ. ವೇಗವಾಗಿ ಹೆಚ್ಚುತ್ತಿರುವ ಕೋಶ ಅಲ್ಲಿಗೆ ಬಂದು ಡಿಕ್ಕಿ ಹೊಡೆದು ಸಾಯುತ್ತದೆ. ಕ್ಯಾನ್ಸರ್ ಕೋಶ ಹೀಗೇ ಸಾಯುವುದು. ಕರುಳಿನ ಒಳಪೊರೆ, ಮೂಳೆಯ ಮಜ್ಜೆ, ಕೂದಲಿನ ಬುಡದ ಕೋಶಗಳೂ ಹೀಗೇ ಸಾಯುತ್ತವೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಿದ್ದರೆ ಮರದಲ್ಲಿದ್ದದ್ದನ್ನು ಹಾಗೇ ಕೊಡಬಹುದಿತ್ತಲ್ಲ ಎಂಬುದು ನಿಮ್ಮ ಪ್ರಶ್ನೆ. ಕೊಟ್ಟು ನೋಡಿದ್ದಾರೆ. ಆ ಕಥೆಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ಹೇಳುವಾಗಲೆಲ್ಲ ಆ ರೋಗಿಗಳ ನೆನಪಾಗಿ ಮನಸ್ಸು ಭಾರವಾಗುತ್ತಿತ್ತು.

ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬೇಕು. ಕರಗದ್ದನ್ನು ರಕ್ತನಾಳಕ್ಕೆ ಕೊಡುವುದು ಹೇಗೆ? ಈ ಅಣುವಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಐದು ಉಂಗುರಗಳಿವೆ. ಕೊನೆಯ ಉಂಗುರಕ್ಕೆ ಒಂದು ಕೊಂಡಿ ಇದೆ. ಸೋಡಿಯಂ ಹೈಡ್ರಾಕ್ಸೈಡಿನಂಥ ಕ್ಷಾರ ಹಾಕಿದರೆ ಆ ಕೊಂಡಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಅಣು ಉಪ್ಪಿನ ರೂಪದಲ್ಲಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. 1970ರ ದಶಕದ ಆರಂಭದಲ್ಲಿ ಈ ಸೋಡಿಯಂ ಉಪ್ಪನ್ನೇ ರೋಗಿಗಳಿಗೆ ಕೊಟ್ಟರು. ಗುಣ ಕಂಡದ್ದು ಕಡಿಮೆ. ತೊಂದರೆ ಮಾತ್ರ ಭಯಂಕರ. ವಾಂತಿ, ಭೇದಿ, ರಕ್ತಕಣಗಳ ಕುಸಿತ. ಎಲ್ಲಕ್ಕಿಂತ ಕೆಟ್ಟದ್ದು ಮೂತ್ರಕೋಶದ ಉರಿ ಮತ್ತು ರಕ್ತಸ್ರಾವ.

ಕಾರಣ ತಿಳಿದದ್ದು ಆಮೇಲೆ. ಅಣುವಿನ ಶಕ್ತಿಯೆಲ್ಲ ಇದ್ದದ್ದು ಆ ಕೊನೆಯ ಉಂಗುರ ಮುಚ್ಚಿರುವಾಗ. ಬಿಚ್ಚಿದರೆ ಅದು ಹೆಚ್ಚುಕಡಿಮೆ ಕೈಲಾಗದ ವಸ್ತು. ರಕ್ತ ಸ್ವಲ್ಪ ಕ್ಷಾರ, ಆದ್ದರಿಂದ ಅಲ್ಲಿ ಉಂಗುರ ಬಿಚ್ಚಿಕೊಂಡೇ ಓಡಾಡಿತು, ಗಡ್ಡೆಗೆ ಹೆಚ್ಚೇನೂ ಆಗಲಿಲ್ಲ. ಮೂತ್ರ ಸಾಮಾನ್ಯವಾಗಿ ಆಮ್ಲ. ಮೂತ್ರಕೋಶಕ್ಕೆ ಬಂದು ನಿಂತಾಗ ಆ ಆಮ್ಲದಲ್ಲಿ ಉಂಗುರ ಮತ್ತೆ ಮುಚ್ಚಿಕೊಂಡಿತು. ಎಲ್ಲಿ ಬೇಡವೋ ಅಲ್ಲಿ ಔಷಧಿ ಎಚ್ಚರಗೊಂಡಿತು. ಪರೀಕ್ಷೆಯನ್ನು ನಿಲ್ಲಿಸಿಬಿಟ್ಟರು. ಎಷ್ಟೋ ವರ್ಷ ಆ ಕಡೆ ಹೆಚ್ಚಿನವರು ತಿರುಗಿ ನೋಡಲಿಲ್ಲ.

ಇನ್ನೊಂದು ವಿಷಯ ಇದೆ. ಮನುಷ್ಯರ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಬಿಚ್ಚಿದ ಉಂಗುರದ ರೂಪವನ್ನೇ ಹುಡುಕಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿದಷ್ಟೂ ಮುಚ್ಚಿದ ರೂಪ ಖಾಲಿಯಾಗುತ್ತಾ ಹೋಗುತ್ತದೆ. ಇಲಿಯ ಆಲ್ಬುಮಿನ್ ಹೀಗೆ ಮಾಡುವುದಿಲ್ಲ. ಇಲಿಗಳಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ವಸ್ತು ಮನುಷ್ಯರಲ್ಲಿ ಸೋತದ್ದಕ್ಕೆ ಇದೂ ಒಂದು ಕಾರಣ.

ನೋಡಿ, ಮರ ಈ ಅಣುವನ್ನು ಮಾಡಿಕೊಂಡದ್ದು ತನಗೋಸ್ಕರ, ತನ್ನನ್ನು ತಿನ್ನಲು ಬರುವವರನ್ನು ದೂರ ಇಡಲು. ನಮ್ಮ ರಕ್ತದ ಕ್ಷಾರ, ನಮ್ಮ ಆಲ್ಬುಮಿನ್, ನಮ್ಮ ಮೂತ್ರಕೋಶ ಅದರ ಲೆಕ್ಕದಲ್ಲೇ ಇರಲಿಲ್ಲ. ಹೀಗೆ ಡಿಎನ್‌ಎಗೆ ಕೈಹಾಕುವ ವಿಷವನ್ನು ಇಟ್ಟುಕೊಂಡು ಮರ ತಾನೇ ಬದುಕುವುದು ಹೇಗೆ ಎಂದು ಕೇಳಬಹುದು. ಚೀನಾದ ಮರ ತನ್ನದೇ ಟೊಪೊಐಸೊಮರೇಸನ್ನು ಸ್ವಲ್ಪ ಬದಲಾಯಿಸಿಕೊಂಡಿದೆ. ಬೆಣೆ ಕೂರಬೇಕಾದ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬೇರೆ ಆಗಿದೆ, ಅಷ್ಟಕ್ಕೇ ಬೆಣೆ ಕೂರುವುದಿಲ್ಲ. ನನಗೆ ಈ ಸಂಗತಿ ಎಷ್ಟು ಸಲ ಓದಿದರೂ ಬೆರಗು. ಮರಕ್ಕೆ ಇರುವ ಆ ರಕ್ಷಣೆ ನಿಮ್ಮ ಅತ್ತೆಗೆ ಇಲ್ಲ, ನನಗೂ ಇಲ್ಲ.

1985ರಲ್ಲಿ ಈ ಅಣು ಹಿಡಿಯುವುದು ಟೊಪೊಐಸೊಮರೇಸನ್ನೇ ಎಂದು ಗೊತ್ತಾಯಿತು. ಆಗ ಎಲ್ಲರಿಗೂ ಮತ್ತೆ ಹುಮ್ಮಸ್ಸು ಬಂತು. ಇಲ್ಲಿಂದ ನಮ್ಮಂಥ ರಸಾಯನಶಾಸ್ತ್ರದವರ ಕೆಲಸ. ಅಣುವಿನ ಯಾವ ಮೂಲೆಯನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಒಂದೊಂದೇ ಜಾಗ ಬದಲಾಯಿಸಿ ನೋಡುವುದು. ಟೈಲರ್ ಹಳೇ ಕೋಟನ್ನು ಬೇರೆಯವರ ಮೈಗೆ ಸರಿಮಾಡುವಾಗ ಹೊಲಿಗೆ ಎಲ್ಲಿ ಬಿಚ್ಚಬಹುದು ಎಂದು ನೋಡುತ್ತಾನಲ್ಲ, ಹಾಗೆ. ಕ್ಯಾಂಪ್ಟೊಥೆಸಿನ್‌ನಲ್ಲಿ ಕೊನೆಯ ಉಂಗುರದ ಕಡೆ ಕೈ ಹಾಕಿದರೆ ಗುಣವೇ ಹೋಗುತ್ತದೆ. ಆದರೆ ಇನ್ನೊಂದು ತುದಿಯ ಎರಡು ಉಂಗುರಗಳು ತಾಳಿಕೊಳ್ಳುತ್ತವೆ. ಅಲ್ಲಿ ಏನಾದರೂ ಜೋಡಿಸಿದರೂ ಬೆಣೆ ಬೆಣೆಯಾಗಿಯೇ ಉಳಿಯುತ್ತದೆ.

ಜಪಾನಿನ ಯಾಕುಲ್ಟ್ ಕಂಪನಿಯ ರಸಾಯನ ವಿಜ್ಞಾನಿಗಳು ಆ ತುದಿಯನ್ನೇ ಹಿಡಿದರು. ಹೌದು, ಚಿಕ್ಕ ಬಾಟಲಿಯ ಹಾಲಿನ ಪೇಯ ಮಾರುವ ಅದೇ ಯಾಕುಲ್ಟ್. ಒಂದು ಕಡೆ ಎರಡು ಕಾರ್ಬನ್‌ಗಳ ಪುಟ್ಟ ತುಂಡು ಸೇರಿಸಿದರು. ಇನ್ನೊಂದು ಕಡೆ ನೈಟ್ರೋಜನ್ ಇರುವ ಉದ್ದನೆಯ ಬಾಲ ಕಟ್ಟಿದರು. ಆ ನೈಟ್ರೋಜನ್ ಆಮ್ಲದ ಜೊತೆ ಸೇರಿ ಉಪ್ಪಾಗುತ್ತದೆ. ಈಗ ಕೊನೆಯ ಉಂಗುರವನ್ನು ಬಿಚ್ಚದೆಯೇ ಅಣು ನೀರಿನಲ್ಲಿ ಕರಗುತ್ತದೆ. ಅದೇ ಇರಿನೋಟೆಕಾನ್. ಜಪಾನಿನಲ್ಲಿ 1994ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಟೊಪೊಟೆಕಾನ್ ಅದರ ತಂಗಿ. ಅದು ಅಂಡಾಶಯದ ಕ್ಯಾನ್ಸರಿಗೆಂದು ಅದೇ 1996ರಲ್ಲಿ ಬಂತು.

ಇರಿನೋಟೆಕಾನ್‌ನ ಇನ್ನೊಂದು ಜಾಣತನ ಕೇಳಿ. ಬಾಲ ಇರುವವರೆಗೆ ಅದು ಒರೆಯೊಳಗಿನ ಕತ್ತಿ. ಮೈಯೊಳಗೆ, ಮುಖ್ಯವಾಗಿ ಲಿವರಿನಲ್ಲಿ, ಒಂದು ಎಂಜೈಮ್ ಆ ಬಾಲವನ್ನು ಕತ್ತರಿಸುತ್ತದೆ. ಉಳಿಯುವುದು ಎಸ್‌ಎನ್-38 ಎಂಬ ತುಣುಕು. ಕೋಶಗಳ ಮೇಲಿನ ಪರೀಕ್ಷೆಗಳಲ್ಲಿ ಅದರ ಬಲ ಇರಿನೋಟೆಕಾನ್‌ಗಿಂತ ನೂರರಿಂದ ಸಾವಿರ ಪಟ್ಟು ಜಾಸ್ತಿ. ಇಷ್ಟೆಲ್ಲ ಆದರೂ ನಿಮ್ಮ ಅತ್ತೆಯ ಡ್ರಿಪ್ಪಿನಲ್ಲಿರುವ ಅಣುವಿನ ಐದೂ ಉಂಗುರಗಳು ಮರದ ವಿನ್ಯಾಸವೇ. ಮರದಿಂದ ತೆಗೆದ ಕ್ಯಾಂಪ್ಟೊಥೆಸಿನ್‌ನಿಂದಲೇ ಅದನ್ನು ಮಾಡುವುದೂ ಉಂಟು. 'ಪ್ರಕೃತಿಯದ್ದು', 'ಕೆಮಿಕಲ್' ಎಂದು ಎರಡು ಡಬ್ಬಿಗೆ ಹಾಕಲು ಹೋದರೆ ಈ ಔಷಧಿ ಯಾವ ಡಬ್ಬಿಗೂ ಸರಿಯಾಗಿ ಕೂರುವುದಿಲ್ಲ.

ಈಗ ಅತ್ತೆಯ ವಿಷಯಕ್ಕೆ ಬರೋಣ. ಅವರಿಗೆ ಭೇದಿ ಆಗುತ್ತಿದೆಯಾ? ನೀವು ಬರೆದಿಲ್ಲ, ಆದರೆ ಬಹಳ ಮಂದಿಗೆ ಆಗುತ್ತದೆ. ಅದರಲ್ಲಿ ಎರಡು ಬಗೆ. ಡ್ರಿಪ್ ನಡೆಯುವಾಗಲೋ ಅದೇ ದಿನವೋ ಹೊಟ್ಟೆ ಹಿಂಡಿ, ಬೆವರಿ, ಜೊಲ್ಲು ಸುರಿದು ಆಗುವುದು ಒಂದು. ಅದಕ್ಕೆ ಆಸ್ಪತ್ರೆಯಲ್ಲೇ ಅಟ್ರೋಪಿನ್ ಕೊಡುತ್ತಾರೆ. ಕೆಲವು ದಿನ ಕಳೆದ ಮೇಲೆ ಮನೆಯಲ್ಲಿ ಶುರುವಾಗುವುದು ಇನ್ನೊಂದು, ಅಪಾಯ ಅದರಲ್ಲೇ ಜಾಸ್ತಿ. ಲಿವರ್ ಎಸ್‌ಎನ್-38ಕ್ಕೆ ಒಂದು ಸಕ್ಕರೆಯಂಥ ತುಂಡನ್ನು ಅಂಟಿಸಿ, ಅದರ ಬಾಯಿ ಕಟ್ಟಿ, ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಆ ಸಕ್ಕರೆ ತುಂಡು ಬೇಕು. ಅವು ಅದನ್ನು ಕಿತ್ತು ತಿನ್ನುತ್ತವೆ. ಕತ್ತಿ ಮತ್ತೆ ಒರೆಯಿಂದ ಹೊರಗೆ ಬರುತ್ತದೆ, ಅದೂ ಕರುಳಿನ ಮೆತ್ತನೆಯ ಒಳಪೊರೆಯ ಮುಂದೆ. ಅದಕ್ಕೇ ಡಾಕ್ಟರು ಲೋಪೆರಮೈಡ್ ಮಾತ್ರೆ ಬರೆದುಕೊಟ್ಟು, ಹೇಗೆ ತೆಗೆದುಕೊಳ್ಳಬೇಕು ಎಂದು ಹೇಳಿರುತ್ತಾರೆ. ಅವರು ಹೇಳಿದ ಹಾಗೇ ಮಾಡಿ. ಭೇದಿಯ ಜೊತೆ ಜ್ವರ ಬಂದರೆ, ಥರ್ಮಾಮೀಟರ್ 100.4 ದಾಟಿದರೆ, ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ ಗಾಡಿ ಹತ್ತಿಸಿ.

ಆ ಸಕ್ಕರೆ ತುಂಡನ್ನು ಅಂಟಿಸುವ ಎಂಜೈಮಿನ ಹೆಸರು ಯುಜಿಟಿ1ಎ1. ಕೆಲವರಲ್ಲಿ ಅದು ಹುಟ್ಟಿನಿಂದಲೇ ನಿಧಾನ. ಅಂಥವರಿಗೆ ಬೇರೇನೂ ಕಾಯಿಲೆ ಇಲ್ಲದೆಯೇ ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್ ಸ್ವಲ್ಪ ಮೇಲೆ ಇರುತ್ತದೆ, ಆಗಾಗ ಕಣ್ಣು ಹಳದಿ ಅನಿಸುತ್ತದೆ. ಅತ್ತೆಗೋ ಅವರ ಒಡಹುಟ್ಟಿದವರಿಗೋ ಹಾಗೆ ಇದ್ದದ್ದು ನೆನಪಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಡೋಸ್ ಕಡಿಮೆ ಮಾಡಬೇಕಾಗಬಹುದು.

ಕಷಾಯ ಯಾಕೆ ಬೇಡ ಎಂಬುದು ಇಷ್ಟರಲ್ಲಿ ನಿಮಗೇ ಹೊಳೆದಿರುತ್ತದೆ. ಅತ್ತೆಯ ಎತ್ತರ, ತೂಕ ಅಳೆದು ಮೈಯ ವಿಸ್ತೀರ್ಣ ಲೆಕ್ಕ ಹಾಕುತ್ತಾರೆ. ಎರಡು ವಾರಕ್ಕೊಮ್ಮೆ ಕೊಡುವ ಪದ್ಧತಿಯಲ್ಲಿ ಚದರ ಮೀಟರಿಗೆ 180 ಮಿಲಿಗ್ರಾಂ ಇರಿನೋಟೆಕಾನ್ ಎಂಬುದು ಸಾಮಾನ್ಯ ಲೆಕ್ಕ. ಬಿಳಿ ರಕ್ತಕಣ ಎಷ್ಟಿದೆ ಎಂದು ನೋಡದೆ ಮುಂದಿನ ಡ್ರಿಪ್ ಹಾಕುವುದೇ ಇಲ್ಲ. ಕಷಾಯದಲ್ಲಿ ಈ ಲೆಕ್ಕ ಎಲ್ಲಿದೆ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಘಟ್ಟದ ಉದ್ದಕ್ಕೂ ಈ ಮರಗಳನ್ನು ಪರೀಕ್ಷಿಸಿದ್ದಾರೆ. ಒಂದು ಕಡೆಯ ಮರಕ್ಕೂ ಇನ್ನೊಂದು ಕಡೆಯ ಮರಕ್ಕೂ ಕ್ಯಾಂಪ್ಟೊಥೆಸಿನ್ ಪ್ರಮಾಣದಲ್ಲಿ ಬಹಳ ಅಂತರ. ನೀರಿನಲ್ಲಿ ಕುದಿಸಿದರೆ ಅದರಲ್ಲಿ ಎಷ್ಟು ಇಳಿಯುತ್ತದೆ ಎಂಬುದಕ್ಕೂ ಹಿಡಿತವಿಲ್ಲ. ಇಳಿದಷ್ಟು ಮಾತ್ರ ಅತ್ತೆಯ ಸೋತ ಕರುಳಿನ ಮೇಲೆ, ಕುಗ್ಗಿದ ರಕ್ತಕಣಗಳ ಮೇಲೆ ಮತ್ತೊಂದು ಏಟು ಕೊಡುತ್ತದೆ. ಔಷಧಿಯ ಲಾಭ ಸಿಗುವುದಿಲ್ಲ, ವಿಷದ ಪಾಲು ಸಿಗುತ್ತದೆ.

ಬೇರೆ ಗಿಡಮೂಲಿಕೆಗಳ ವಿಷಯದಲ್ಲೂ ಈಗ ಎಚ್ಚರ ಇರಲಿ. ಯೂರೋಪಿನಲ್ಲಿ ಮನಸ್ಸಿನ ಬೇಸರಕ್ಕೆ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡವನ್ನು ತಿನ್ನುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಇರಿನೋಟೆಕಾನ್ ತೆಗೆದುಕೊಳ್ಳುತ್ತಿದ್ದ ರೋಗಿಗಳಿಗೆ ಅದನ್ನೂ ಕೊಟ್ಟು ನೋಡಿದಾಗ ರಕ್ತದಲ್ಲಿನ ಎಸ್‌ಎನ್-38 ಶೇ 42ರಷ್ಟು ಇಳಿದುಹೋಯಿತು. ಅಂದರೆ ಕೀಮೋದ ಕಷ್ಟ ಪಟ್ಟೂ ಔಷಧಿ ಅರೆಬರೆ. ನಮ್ಮ ಅರಿಸಿನದ ಕಥೆ ಇದಕ್ಕೆ ಉಲ್ಟಾ. ಅರಿಸಿನದ ಕರ್ಕ್ಯುಮಿನ್ ಮೈಗೆ ಹತ್ತುವುದು ತೀರಾ ಕಡಿಮೆ. ಕರುಳು ಮತ್ತು ಲಿವರ್ ಅದಕ್ಕೂ ಸಕ್ಕರೆ ತುಂಡು ಅಂಟಿಸಿ ಹೊರಗೆ ಕಳಿಸಿಬಿಡುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2000ದಷ್ಟು ಏರಿತು. ಪೈಪರಿನ್ ಆ ಅಂಟಿಸುವ ಕೆಲಸವನ್ನು ತಡೆಯುತ್ತದೆ. ಅತ್ತೆಯ ಮೈ ಎಸ್‌ಎನ್-38ರ ಬಾಯಿ ಕಟ್ಟುವುದೂ ಇದೇ ಬಗೆಯ ಕೆಲಸದಿಂದ ತಾನೇ? ಸಾರಿಗೆ ಹಾಕುವ ಮೆಣಸಿಗೆ, ಒಗ್ಗರಣೆಯ ಅರಿಸಿನಕ್ಕೆ ಹೆದರಬೇಕಾಗಿಲ್ಲ. ಅಂಗಡಿಯಲ್ಲಿ ಸಿಗುವ ಅರಿಸಿನ-ಮೆಣಸಿನ ಕ್ಯಾಪ್ಸೂಲ್ ಮಾತ್ರ ಡಾಕ್ಟರನ್ನು ಕೇಳದೆ ಬೇಡ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಬದಲಾಯಿಸುವುದು ಯಾಕೆ ಎಂಬುದು. ಇದನ್ನು ಎಲ್ಲರ ಮನೆಯಲ್ಲೂ ಇರುವ ಆಸ್ಪಿರಿನ್ ಇಟ್ಟುಕೊಂಡು ಹೇಳುವುದು ಸುಲಭ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿ ವಿಲ್ಲೋ ಮರದ ತೊಗಟೆಯ ಪುಡಿ ಜ್ವರಕ್ಕೆ ಒಳ್ಳೆಯದು ಎಂದು ರಾಯಲ್ ಸೊಸೈಟಿಗೆ ಕಾಗದ ಬರೆದರು. ಆ ತೊಗಟೆಯ ವಸ್ತುವಿನಿಂದ 1838ರಲ್ಲಿ ಸ್ಯಾಲಿಸಿಲಿಕ್ ಆಮ್ಲ ಬಂತು. ಅದು ನೋವು ಇಳಿಸುತ್ತಿತ್ತು, ಆದರೆ ಹೊಟ್ಟೆ ಸುಡುತ್ತಿತ್ತು. 1897ರ ಆಗಸ್ಟ್‌ನಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಅದಕ್ಕೆ ಅಸಿಟೈಲ್ ಎಂಬ ಪುಟ್ಟ ತುಂಡನ್ನು ಅಂಟಿಸಿ ಶುದ್ಧ ಆಸ್ಪಿರಿನ್ ಮಾಡಿದರು.

ಈ ಪ್ರಯೋಗವನ್ನು ಬಿ.ಎಸ್ಸಿ. ಲ್ಯಾಬಿನಲ್ಲಿ ನಾನೂ ಮಾಡಿದ್ದೇನೆ, ನೂರಾರು ಮಕ್ಕಳಿಂದ ಮಾಡಿಸಿಯೂ ಇದ್ದೇನೆ. ಸ್ಯಾಲಿಸಿಲಿಕ್ ಆಮ್ಲದ ಬಿಳಿ ಪುಡಿಗೆ ಅಸಿಟಿಕ್ ಅನ್‌ಹೈಡ್ರೈಡ್ ಹಾಕಬೇಕು. ಮೂಗಿಗೆ ಖಾರ ಹೊಡೆದ ಹಾಗೆ ಘಾಟು. ನಾಲ್ಕು ಹನಿ ಸಲ್ಫ್ಯೂರಿಕ್ ಆಮ್ಲ ಬಿಟ್ಟು ಬಿಸಿನೀರಿನಲ್ಲಿ ಇಟ್ಟರೆ ಪುಡಿ ಕರಗುತ್ತದೆ. ತಣ್ಣೀರಿಗೆ ಸುರಿದರೆ ಸಣ್ಣ ಸಣ್ಣ ಬಿಳಿ ಸೂಜಿಗಳು ತೇಲಿಬರುತ್ತವೆ. ಆಮೇಲೆ ಎರಡು ಪರೀಕ್ಷಾನಳಿಕೆ ತೆಗೆದುಕೊಳ್ಳಬೇಕು. ಎರಡಕ್ಕೂ ಒಂದೊಂದು ಹನಿ ಫೆರಿಕ್ ಕ್ಲೋರೈಡ್. ಹಳೇ ಪುಡಿ ಇರುವ ನಳಿಕೆ ನೇರಳೆ ಹಣ್ಣು ಹಿಂಡಿದ ಹಾಗೆ ಆಗುತ್ತದೆ. ಹೊಸ ಹರಳು ಶುದ್ಧವಾಗಿದ್ದರೆ ಬಣ್ಣ ತಿರುಗುವುದಿಲ್ಲ. ಕಣ್ಣಿಗೆ ಎರಡೂ ಬಿಳಿ ಪುಡಿ. ಅಣು ಮಾತ್ರ ಬೇರೆ. ಮನೆಯಲ್ಲಿ ಹಳೇ ಆಸ್ಪಿರಿನ್ ಡಬ್ಬಿ ಇದ್ದರೆ ಮುಚ್ಚಳ ತೆಗೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಆ ಅಸಿಟೈಲ್ ತುಂಡು ಗಾಳಿಯ ತೇವಕ್ಕೆ ಕಳಚಿಕೊಳ್ಳುತ್ತಿದೆ ಎಂದು ಅರ್ಥ. ಅದನ್ನು ಎಸೆಯಿರಿ.

ಹೊಟ್ಟೆಯ ಉರಿ ಕಡಿಮೆ ಮಾಡಲೆಂದು ಅಂಟಿಸಿದ ಆ ತುಂಡು ಯಾರೂ ಯೋಚಿಸಿರದ ಇನ್ನೊಂದು ಕೆಲಸ ಮಾಡಿತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲಿ ಒಂದು ಎಂಜೈಮ್ ಇದೆ. ಆಸ್ಪಿರಿನ್ ತನ್ನ ಅಸಿಟೈಲನ್ನು ಕಳಚಿ ಅದರ ಮೇಲೆ ಅಂಟಿಸಿಬಿಡುತ್ತದೆ. ಎಂಜೈಮ್ ಶಾಶ್ವತವಾಗಿ ಕೆಡುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಎಂಜೈಮ್ ಮಾಡಿಕೊಳ್ಳಲು ಆಗುವುದಿಲ್ಲ. ಸಾಯುವವರೆಗೆ, ಅಂದರೆ ವಾರ ಹತ್ತು ದಿನ, ಅದು ಹಾಗೇ ಇರಬೇಕು. ಹಾರ್ಟ್ ಅಟ್ಯಾಕ್ ಆದವರಿಗೆ ದಿನಕ್ಕೆ 75 ಮಿಲಿಗ್ರಾಂನ ಪುಟ್ಟ ಮಾತ್ರೆ ಸಾಕಾಗುವುದು ಇದರಿಂದ. ವಿಲ್ಲೋ ತೊಗಟೆಯಲ್ಲಿ ಆ ಅಸಿಟೈಲ್ ಇಲ್ಲ. ತೊಗಟೆಯನ್ನು ಎಷ್ಟು ಕುದಿಸಿ ಕುಡಿದರೂ ಹೃದಯಕ್ಕೆ ಈ ರಕ್ಷಣೆ ಸಿಗುವುದಿಲ್ಲ.

ಆದರೆ ಬದಲಾಯಿಸಿದ್ದೆಲ್ಲ ಒಳ್ಳೆಯದೇ ಆಗುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳು. ಅದೇ ಹಾಫ್‌ಮನ್, ಅದೇ ಕಂಪನಿಯಲ್ಲಿ, ಆಸ್ಪಿರಿನ್ ಆದ ಎರಡು ವಾರದೊಳಗೆ ಗಸಗಸೆ ಗಿಡದ ಮಾರ್ಫಿನ್‌ಗೂ ಅಸಿಟೈಲ್ ಅಂಟಿಸಿದರು. ಒಂದರ ಬದಲು ಎರಡು. ಲಂಡನ್ನಿನ ಆಲ್ಡರ್ ರೈಟ್ 1874ರಲ್ಲೇ ಅದನ್ನು ಮಾಡಿದ್ದರು, ಆಗ ಯಾರೂ ಗಮನ ಕೊಟ್ಟಿರಲಿಲ್ಲ. ಬಾಯರ್ ಅದನ್ನು 1898ರಲ್ಲಿ ಕೆಮ್ಮಿನ ಔಷಧಿಯಾಗಿ ಮಾರಿತು. ಹೆಸರು ಹೆರಾಯಿನ್. ಅಸಿಟೈಲ್ ತುಂಡುಗಳಿಂದ ಅಣು ಕೊಬ್ಬಿನಲ್ಲಿ ಚೆನ್ನಾಗಿ ಕರಗಿ ಮಿದುಳಿಗೆ ಮಾರ್ಫಿನ್‌ಗಿಂತ ಬೇಗ ನುಗ್ಗುತ್ತದೆ. ಚಟವೂ ಅಷ್ಟೇ ಬೇಗ ಹಿಡಿಯುತ್ತದೆ. ಒಂದೇ ಉಪಾಯ ಒಂದು ಕಡೆ ಕೋಟ್ಯಂತರ ಹೃದಯ ಕಾಯುತ್ತಿದೆ, ಇನ್ನೊಂದು ಕಡೆ ಎಷ್ಟೋ ಮನೆ ಹಾಳುಮಾಡಿದೆ. ಹಾಗಾಗಿ ಅಣುವನ್ನು ಬದಲಾಯಿಸಿದ ಮೇಲೆ ಅದನ್ನು ಹೊಸ ವಸ್ತು ಎಂದೇ ತಿಳಿದು, ಇಲಿಯಿಂದ ಮನುಷ್ಯರವರೆಗೆ ಮೊದಲಿನಿಂದ ಪರೀಕ್ಷೆ ಮಾಡಬೇಕು. ನಾವು ಮಾಡುವ ಬದಲಾವಣೆಗಳಲ್ಲಿ ಹೆಚ್ಚಿನವು ಆ ದಾರಿಯಲ್ಲೇ ಬಿದ್ದುಹೋಗುತ್ತವೆ.

ಮಲೇರಿಯಾದ ಕಥೆಯನ್ನೂ ಹೇಳಲೇಬೇಕು. ಮಂಗಳೂರು ಕಡೆಯವರಿಗೆ ಆ ಜ್ವರ ಚೆನ್ನಾಗಿ ಗೊತ್ತು. ನಾವು ಮುಡಿಯುವ ದವನದ ಜಾತಿಯದ್ದೇ ಒಂದು ಗಿಡ ಚೀನಾದಲ್ಲಿದೆ. ಸಾವಿರದ ಆರುನೂರು ವರ್ಷ ಹಿಂದಿನ ಪುಸ್ತಕವೊಂದರಲ್ಲಿ ಅದನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಎಂದಿತ್ತು. ಟೂ ಯೂಯೂ ಎಂಬ ವಿಜ್ಞಾನಿ ಅದನ್ನು ಓದಿ, ಕುದಿಸಿದರೆ ಗುಣ ಕೆಡುತ್ತಿರಬೇಕು ಎಂದು ಊಹಿಸಿದರು. 1971ರಲ್ಲಿ 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ ಸಾರ ತೆಗೆದಾಗ ಕೆಲಸ ಆಯಿತು. ಹಳೇ ಜ್ಞಾನಕ್ಕೆ ಸಲ್ಲಬೇಕಾದ ಗೌರವ ಅಲ್ಲಿ ಪೂರ್ತಿ ಸಂದಿದೆ. ಆದರೆ ಆ ಗಿಡದಿಂದ ಸಿಕ್ಕ ಆರ್ಟಿಮಿಸಿನಿನ್ ಎಂಬ ಔಷಧಿ ಕೂಡ ನೀರಿನಲ್ಲಿ ಕರಗದು. ಪ್ರಜ್ಞೆ ತಪ್ಪಿ ಮಲಗಿದ ರೋಗಿಗೆ ಮಾತ್ರೆ ನುಂಗಿಸುವುದು ಹೇಗೆ? ಅಣುವಿನ ರಚನೆ ಖಚಿತ ಮಾಡಿಕೊಳ್ಳಲು ಟೂ ಅವರ ತಂಡ 1973ರಲ್ಲಿ ಒಂದು ಮೂಲೆಗೆ ಹೈಡ್ರೋಜನ್ ಸೇರಿಸಿತು. ಹಾಗೆ ಬಂದ ಅಣು ಮೊದಲಿನದಕ್ಕಿಂತ ಬಲವಾಗಿತ್ತು. ಆ ಮೂಲೆಗೇ ಸಕ್ಸಿನಿಕ್ ಆಮ್ಲ ಕಟ್ಟಿದಾಗ ರಕ್ತನಾಳಕ್ಕೆ ಕೊಡಬಹುದಾದ ಆರ್ಟಿಸುನೇಟ್ ಸಿಕ್ಕಿತು. ಮಲೇರಿಯಾ ರೋಗಾಣುವನ್ನು ಕೊಲ್ಲುವ ಆಮ್ಲಜನಕದ ಸೇತುವೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. 2005ರಲ್ಲಿ ಭಾರತವೂ ಸೇರಿ ನಾಲ್ಕು ದೇಶಗಳ 1461 ತೀವ್ರ ಮಲೇರಿಯಾ ರೋಗಿಗಳ ಪರೀಕ್ಷೆಯ ಫಲ ಬಂತು. ಕ್ವಿನೈನ್ ಕೊಟ್ಟವರಲ್ಲಿ ಶೇ 22 ಜನ ತೀರಿಕೊಂಡರು, ಆರ್ಟಿಸುನೇಟ್ ಕೊಟ್ಟವರಲ್ಲಿ ಶೇ 15. ಕ್ವಿನೈನ್ ಕೂಡ ಮರದ ತೊಗಟೆಯದ್ದೇ, ನೆನಪಿರಲಿ. ಟೂ ಅವರಿಗೆ 2015ರಲ್ಲಿ ನೊಬೆಲ್ ಬಂತು.

ಕ್ಯಾಂಪ್ಟೊಥೆಸಿನ್‌ನ ಕೆಲಸವೂ ಇರಿನೋಟೆಕಾನ್‌ಗೆ ನಿಂತಿಲ್ಲ. ಈಗ ಅದರ ಬಂಧು ಅಣುಗಳನ್ನು ಆಂಟಿಬಾಡಿಗೆ ಕಟ್ಟಿ, ಗಡ್ಡೆಯ ವಿಳಾಸ ಬರೆದು ಕಳಿಸುವ ಔಷಧಿಗಳು ಬಂದಿವೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಅಂಥದ್ದು. ಇನ್ನೊಂದರಲ್ಲಿ ಅತ್ತೆಯ ಮೈಯಲ್ಲಿ ಕೆಲಸ ಮಾಡುತ್ತಿರುವ ಅದೇ ಎಸ್‌ಎನ್-38 ಇದೆ. ಬೆಲೆ ಇನ್ನೂ ನಮ್ಮ ಜನರ ಕೈಗೆಟುಕುವಂತಿಲ್ಲ ಎಂಬುದು ನನ್ನ ದೊಡ್ಡ ಸಂಕಟ.

ಕೊನೆಗೆ ತೊಗಟೆ ಮಾರುವ ವಿಷಯ. ಬೇಡ ಎಂದೇ ನನ್ನ ಸಲಹೆ. ನಿಮ್ಮ ಮರ ಇರುವುದು ಸೊಪ್ಪಿನ ಬೆಟ್ಟದಲ್ಲಾದರೆ, ತೋಟಕ್ಕೆ ಸೊಪ್ಪು ತರುವ ಹಕ್ಕು ನಿಮಗಿದೆ, ಆದರೆ ಜಾಗ ಅರಣ್ಯ ಇಲಾಖೆಯದ್ದು. ತೊಗಟೆ ಸುಲಿದು ಮಾರಿದರೆ ನಿಮ್ಮ ಮೇಲೂ ಕೇಸು ಬೀಳಬಹುದು. ಸ್ವಂತ ಜಮೀನಿನ ಮರವಾದರೂ ಅರಣ್ಯ ಕಚೇರಿಯಲ್ಲಿ ಕೇಳದೆ ಕೈ ಹಾಕಬೇಡಿ. ಈ ಮರಕ್ಕಾಗಿ ಬಂದವರು ತೊಗಟೆಗೆ ನಿಲ್ಲಿಸುವುದಿಲ್ಲ. ಬೇರಿನಲ್ಲೂ ಕಟ್ಟಿಗೆಯಲ್ಲೂ ವಸ್ತು ಇರುವುದರಿಂದ ಬುಡಸಮೇತ ಕೀಳುತ್ತಾರೆ. ಘಟ್ಟದ ಎಷ್ಟೋ ಕಡೆ ಈ ಮರ ಹಾಗೇ ಕಡಿಮೆಯಾಯಿತು. ನಿಮ್ಮ ಬೆಟ್ಟದಲ್ಲಿ ಇನ್ನೂ ಇದೆ ಎಂದು ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಹಣ್ಣು ಕಪ್ಪುನೇರಳೆ ಬಣ್ಣಕ್ಕೆ ತಿರುಗಿದಾಗ ನಾಲ್ಕು ಬೀಜ ಆರಿಸಿ, ತೋಟದ ಅಂಚಿನ ನೆರಳಿನಲ್ಲಿ ಊರಿ ನೋಡಿ. ಮಕ್ಕಳು, ದನಕರು ಬಾಯಿ ಹಾಕದ ಕಡೆ ಊರಿದರೆ ಒಳ್ಳೆಯದು.